ಏಡಿಗಳು ಬದುವಿಗೆ ಬಂದ ದಿನ

ನಾನು ಚಿಕ್ಕವನಿದ್ದಾಗ ಮಲ್ಲಿಪಟ್ಟಣದ ಹತ್ತಿರವಿದ್ದ ನಮ್ಮ ಭತ್ತದ ಗದ್ದೆಯಲ್ಲಿ ಏಡಿ ಹಿಡಿಯುವುದು ಸುಲಭದ ಮಾತಾಗಿರಲಿಲ್ಲ. ಬದುವಿನ ಬಿಲಕ್ಕೆ ಮೊಣಕೈವರೆಗೆ ಕೈ ತೂರಿಸಬೇಕು. ಒಳಗೆ ತಣ್ಣನೆಯ ಕೆಸರು, ಬೆರಳ ತುದಿಗೆ ಗಟ್ಟಿ ಚಿಪ್ಪು, ಮರುಗಳಿಗೆಗೇ ಚುರ್ರೆನ್ನುವ ಕಡಿತ. ಅಕ್ಕ ಇದರಲ್ಲಿ ಗಟ್ಟಿಗಿತ್ತಿ. ಅವಳು ಹಿಡಿದು ತಂದ ದಿನ ಮನೆಯಲ್ಲಿ ಮುದ್ದೆಗೆ ಏಡಿ ಸಾರು.

ಆ ವರ್ಷ ಪೈರಿಗೆ ಹುಳ ಬಿತ್ತು. ಹಸಿರು ಗರಿಗಳು ಒಣಗಿ ಬೆಳ್ಳಗಾದವು. ಭತ್ತ ಹೋದರೆ ನಮ್ಮ ಊಟವೇ ಹೋಗುತ್ತಿತ್ತು. ಅಪ್ಪ ಅರಕಲಗೂಡಿಗೆ ಹೋಗಿ ಒಂದು ಡಬ್ಬಿ ಔಷಧಿ ತಂದ. ಪಕ್ಕದವರಿಂದ ಹೊಡೆಯುವ ಯಂತ್ರ ಕೇಳಿ ತಂದು, ಬೆನ್ನಿಗೆ ಕಟ್ಟಿಕೊಂಡು ಗದ್ದೆಯಲ್ಲೆಲ್ಲ ಸಿಂಪಡಿಸಿದ. ಸಂಜೆ ಅವನ ಅಂಗಿಯಿಂದ ಮೂಗು ಉರಿಯುವಂಥ ವಾಸನೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ನಾನೂ ಅಕ್ಕನೂ ಗದ್ದೆಗೆ ಹೋದೆವು. ಏಡಿಗಳು ತಾವಾಗಿಯೇ ಬಿಲ ಬಿಟ್ಟು ಬದುವಿನ ಮೇಲೆ ಬಂದು ಕೂತಿದ್ದವು. ಕೆಲವು ಅಂಗಾತ ಬಿದ್ದು ಕಾಲು ಆಡಿಸುತ್ತಿದ್ದವು. ಮುಟ್ಟಿದರೂ ಕಚ್ಚಲಿಲ್ಲ. ನಮಗೆ ಹಬ್ಬವೇ ಆಯಿತು. ಬುಟ್ಟಿ ತುಂಬಿಕೊಂಡು ಮನೆಗೆ ಓಡಿದೆವು.

ಅಂಗಳದಲ್ಲಿದ್ದ ಅಪ್ಪ ಬುಟ್ಟಿ ನೋಡಿದವನೇ ಕಿತ್ತುಕೊಂಡು ಹಿತ್ತಿಲ ತಿಪ್ಪೆಗೆ ಸುರಿದ. "ಇಸ ಕಣ್ರೋ ಅದು! ಬಾಯಿಗಿಟ್ರಾ? ಕೈ ತೊಳ್ಕಳಿ, ಬನ್ನಿ!" ಎಂದು ನಮ್ಮ ಕೈಗಳನ್ನು ತಾನೇ ಬೂದಿ ಹಾಕಿ ಉಜ್ಜಿದ.

ಆ ಗಾಬರಿಯಲ್ಲಿ ತಿಪ್ಪೆಯ ಕಡೆ ಯಾರೂ ನೋಡಲಿಲ್ಲ. ಅಕ್ಕ ಸಾಕಿದ್ದ ಕೆಂಪು ಕೋಳಿ ತನ್ನ ಮರಿಗಳನ್ನು ಕೂಗಿ ಕರೆದು, ಏಡಿಗಳನ್ನು ಕುಕ್ಕಿ ಕುಕ್ಕಿ ತಾನೂ ತಿಂದು ಅವಕ್ಕೂ ತಿನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಮರಿಗಳು ಕತ್ತು ವಾಲಿಸಿ ಒಂದೊಂದಾಗಿ ಬಿದ್ದವು. ಕೊನೆಗೆ ಕೋಳಿಯೂ ಬಿತ್ತು. ಅಪ್ಪ ಹುಣಸೆ ನೀರು ಕುಡಿಸಿ ನೋಡಿದ. ಉಳಿಯಲಿಲ್ಲ.

ಅಕ್ಕ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಔಸ್ದಿ ಅಂದ್ರೆ ವಾಸಿ ಮಾಡ್ಬೇಕಲ್ವಾ ಅಪ್ಪಾ?"

"ಅಂಗಡಿಯವ್ರು ಅಂಗೇ ಅಂದ್ರು ಕಣವ್ವ" ಎಂದ ಅಪ್ಪ. ಗುಂಡಿ ತೋಡುತ್ತಾ, "ಇನ್ಮೇಲೆ ಔಸ್ದಿ ಒಡೆಯಾಕಿಲ್ಲ" ಎಂದೂ ಹೇಳಿದ.

ಮುಂದಿನ ವರ್ಷ ಮತ್ತೆ ಹುಳ ಬಂತು. ಸುತ್ತಲಿನವರೆಲ್ಲ ಔಷಧಿ ಹೊಡೆದರು. ಹುಳವೆಲ್ಲ ನಮ್ಮ ಪೈರಿಗೆ ಸೇರಿತು. ಅಪ್ಪ ಒಣಗಿದ ಗರಿಯೊಂದನ್ನು ಕಿತ್ತು ನೋಡಿ, ಕಡೆಗೆ ಅರಕಲಗೂಡಿನ ಬಸ್ಸು ಹತ್ತಿದ. ಅಕ್ಕ ಮತ್ತೆಂದೂ ಕೋಳಿ ಸಾಕಲಿಲ್ಲ.

ಮೊಮ್ಮಕ್ಕಳೇ, ಆ ಗದ್ದೆಯಲ್ಲೀಗ ಶುಂಠಿ ಬೆಳೆದಿದೆ. ಕೊಳೆರೋಗಕ್ಕೆ ಒಂದು ಔಷಧಿ, ಹುಳಕ್ಕೆ ಇನ್ನೊಂದು, ಕಳೆಗೆ ಮತ್ತೊಂದು. ಗೊಬ್ಬರದ ಮೂಟೆಯಿಲ್ಲದೆ ಆ ಮಣ್ಣು ಏನನ್ನೂ ಕೊಡುವುದಿಲ್ಲ. ಬಾವಿಯ ನೀರನ್ನು ಬಿಟ್ಟು ಕ್ಯಾನಿನ ನೀರು ಕುಡಿಯುತ್ತೇವೆ. ನಿಮ್ಮ ವಯಸ್ಸಿನಲ್ಲಿ ನಾನು ಇಡೀ ದಿನ ಆ ಕೆಸರಿನಲ್ಲೇ ಇರುತ್ತಿದ್ದೆ. ಮೊನ್ನೆ ನೀವು ಚಪ್ಪಲಿ ಬಿಟ್ಟು ಅಲ್ಲಿ ಇಳಿಯಹೋದಾಗ ನಿಮ್ಮಪ್ಪ, "ಇಳೀಬ್ಯಾಡಿ, ನೆನ್ನೆ ಔಸ್ದಿ ಒಡ್ದೀವಿ!" ಎಂದು ಕೂಗಿದ. "ಮತ್ತೆಲ್ಲಿ ಆಡೋದು ತಾತ?" ಎಂದು ನೀವು ನನ್ನ ಮುಖ ನೋಡಿದಿರಿ. ನಾನು ಸುತ್ತಲೂ ಕಣ್ಣಾಡಿಸಿದೆ. ನಿಮಗೆ ತೋರಿಸಲು ಒಂದು ಜಾಗವೂ ಕಾಣಲಿಲ್ಲ.