ಗದಿಗೆವ್ವನ ಬೀಗರ ಆಟ

ತವರಿನಲ್ಲಿ ಹಡೆದು ಬಂದಾಗಿನಿಂದ ನನ್ನ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದವಳು ಗದಿಗೆವ್ವ. ಮುಂಡರಗಿಯ ನಮ್ಮ ಓಣಿಯಲ್ಲಿಯೇ ಆಕೆಯ ಮನೆ. ಕಾಲು ಚಾಚಿ ಕೂತು, ಕೂಸನ್ನು ಅದರ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕುವಾಗ ಅದು ಕಿರುಚಿದರೆ, "ಅಳು, ಅಳು! ನಾಳೆ ಬೀಗರ ಮುಂದ ದನಿ ಬೇಕಲ್ಲ ನಿನಗ" ಎನ್ನುತ್ತಾಳೆ.

ದನಿ ಎಂದರೆ ಆಕೆಯದು. ಮದುವೆ ಮನೆಗಳಲ್ಲಿ ಬೀಗರನ್ನು ಹಾಡಿ ಹಂಗಿಸಲು ಡೋಣಿಯವರೂ ಲಕ್ಷ್ಮೇಶ್ವರದವರೂ ಆಕೆಗೆ ಬಂಡಿ ಕಳಿಸುತ್ತಾರೆ. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಒಬ್ಬಳೇ ಮಗಳು ಕಸ್ತೂರಿಯನ್ನು ಕಟ್ಟಿಕೊಂಡು, ಪರರ ಹೊಲದಲ್ಲಿ ಕಳೆ ತೆಗೆದು, ಪರರ ಮದುವೆಯಲ್ಲಿ ಹಾಡಿ ಬದುಕಿದವಳು. ಬೀಗರ ಹಾಡಿಗೊಂದು ಕಟ್ಟಳೆ ಇದೆ. ಎಷ್ಟು ಹಂಗಿಸಿದರೂ ಬೀಗನಾದವನು ಸಿಟ್ಟಾಗುವಂತಿಲ್ಲ, ಮಾತಿಗೆ ಮಾತು ಕೊಡಬೇಕು. ಹಂಗಿಸಿದವರೂ ಕೈ ಎತ್ತುವಂತಿಲ್ಲ. ಬೀಗರ ಮೇಲೆ ಕೈ ಮಾಡಿದ ಊರಿಗೆ ಮುಂದೆ ಹೆಣ್ಣು ಕೊಡುವವರಾರು?

ಕಸ್ತೂರಿಯನ್ನು ಕೊಟ್ಟದ್ದು ಅಳವಂಡಿಗೆ. ಬೆಳಗ್ಗೆ ಬಂಡಿ ಹೂಡಿದರೆ ಬಿಸಿಲೇರುವುದರೊಳಗೆ ತಲುಪುವ ಊರು. ಆದರೆ ಕಳೆದ ಆಗಸ್ಟಿನಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಅಳವಂಡಿ ಇರುವ ನಿಜಾಮರ ಸೀಮೆಗೆ ಬರಲಿಲ್ಲ. ಮಗಳ ಮನೆ ಒಮ್ಮೆಲೇ ಪರದೇಶವಾಯಿತು. ನಡುವೆ ಮೊದಲಿನಿಂದ ಇದ್ದ ಸುಂಕದ ನಾಕಾದಲ್ಲಿ ಈಗ ಬಂದೂಕು ಹಿಡಿದವರು ನಿಂತರು. ರಜಾಕಾರರ ಕಾಟಕ್ಕೆ ಮನೆ ಬಿಟ್ಟು ಓಡಿಬಂದವರಿಂದ ನಮ್ಮೂರ ಶಿಬಿರ ತುಂಬಿತು.

ಅಂಥದರಲ್ಲಿ ಕಸ್ತೂರಿ ಚೊಚ್ಚಲ ಬಸುರಿ. ಏಳರಲ್ಲಿ ಕುಬಸದ ಶಾಸ್ತ್ರ ಮಾಡಿ ಹೆರಿಗೆಗೆ ಕರೆದುಕೊಂಡು ಬರಬೇಕೆಂದು ಗದಿಗೆವ್ವ ಹಸಿರು ಸೀರೆ ತಂದಿಟ್ಟಿದ್ದಳು. ಏಳು ಕಳೆದು ಎಂಟು ನಡೆಯಿತು. ಬೀಗರು ಕಳಿಸಲೊಲ್ಲರು, ಈಕೆಗೆ ಹೋಗಲು ಯಾರೂ ಬಂಡಿ ಕೊಡಲೊಲ್ಲರು. ಗದಿಗೆವ್ವ ಅಳಲಿಲ್ಲ. ದಿನಾ ನನ್ನ ಬಚ್ಚಲಿಗೆ ಬಂದು ಕೂಸಿಗೆ ಎರೆದಳು. ಆದರೆ ಆ ದಿನಗಳಲ್ಲಿ ಆಕೆಯ ತಿಕ್ಕುವ ಕೈಗೆ ಬಲ ಹೆಚ್ಚಾಗಿತ್ತು. ನಾನೇ ಎರಡು ಸಲ "ಸಾವಕಾಶ, ಗದಿಗೆವ್ವಾ" ಎನ್ನಬೇಕಾಯಿತು.

ನನ್ನ ಯಜಮಾನರು ಜಯತೀರ್ಥ ಮಾಸ್ತರರು ಶಾಲೆಯಲ್ಲಿ ಗಣಿತ ಹೇಳುತ್ತಾರೆ, ಸಂಜೆಗೆ ಊರ ಹುಡುಗರಿಗೆ ಫುಟ್‌ಬಾಲ್ ಆಡಿಸುತ್ತಾರೆ. ಪ್ರತಿ ವರ್ಷ ಸುಗ್ಗಿಗೆ ಮೊದಲು ಅಳವಂಡಿಯ ಹುಡುಗರು ಬಂಡಿಯಲ್ಲಿ ಬಂದು ಆಡಿ ಹೋಗುವುದು ರೂಢಿ. ಈ ಸಲ ಆಗಲಾರದೆಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ಅಷ್ಟರಲ್ಲಿ ದಿಲ್ಲಿಗೂ ಹೈದರಾಬಾದಿಗೂ ಒಂದು ವರ್ಷದ ಒಪ್ಪಂದವಾಯಿತು. ನಾಕಾ ತುಸು ಸಡಿಲಾಯಿತು. ಸಂತೆಗೆ ಬಂದವರ ಬಾಯಲ್ಲಿ ಅಳವಂಡಿಯವರು ಹೇಳಿ ಕಳಿಸಿದರು: ಎಳ್ಳಮಾಸಿ ಹಬ್ಬಕ್ಕೆ ಮುಂಚೆ ಬರುತ್ತೇವೆ, ಆಡುತ್ತೀರಾ?

"ಬ್ಯಾಡಂತ ಹೇಳಿ ಕಳಿಸಿಬಿಡ್ತೀನಿ" ಎಂದರು ಇವರು. "ಫ್ರೆಂಡ್ಲಿ ಮ್ಯಾಚ್ ಅಂತ ಕರದು ತಲಿ ಒಡಿಸೋದು ಯಾಕ?"

ಬಚ್ಚಲಿನಿಂದ ಗದಿಗೆವ್ವನ ದನಿ ಬಂತು. "ಏನಂದ್ರಿ ಮಾಸ್ತರ? ಏನು ಮ್ಯಾಚು?"

"ಫ್ರೆಂಡ್ಲಿ. ಅಂದ್ರ ಸ್ನೇಹಕ್ಕ ಆಡೋದು. ಗೆದ್ರೂ ಕಪ್ ಇಲ್ಲ, ಸೋತ್ರೂ ಅವಮಾನ ಇಲ್ಲ."

"ಒಬ್ಬರನ್ನೊಬ್ಬರು ಕೆಡವಬಹುದು?"

"ಆಟದಾಗ ಆಗ್ತದ."

"ಆಡಿ ಆದಮ್ಯಾಲೆ ಕೂಡಿ ಉಣ್ಣೂದು?"

"ಹೌದು."

"ಹಂಗಾರ ಬೀಗರ ಆಟ ಅನ್ರಲ್ಲ, ಇಂಗ್ರೇಜಿ ಯಾಕ ಬೇಕು" ಎಂದು ಕೂಸಿನ ತಲೆಗೆ ತಂಬಿಗೆ ನೀರು ಸುರಿದಳು. ಸೀರೆಗೆ ಕೈ ಒರೆಸಿಕೊಂಡು ಹೊರಗೆ ಬಂದು ಇವರ ಎದುರಿಗೆ ನಿಂತಳು. "ಬರ್ರಿ ಅಂತ ಹೇಳ್ರಿ ಮಾಸ್ತರ. ನನ್ನ ಅಳಿಯ ಉಳವಪ್ಪ ಅವರ ಗೋಲಿ, ಗೋಲು ಕಾಯಾಂವ. ಬಂಡಿ ಬಂದ್ರ ಅದರಾಗ ನನ್ನ ಮಗಳೂ ಬರ್ತಾಳ. ಊಟ ನಂದು. ಬಡಿದಾಟ ಆಗದಂಗ ನೋಡಿಕೊಳ್ಳೂದೂ ನಂದು."

"ಅದು ನಿನ್ನ ಕೈಯಾಗ ಅದ ಏನು?" ಎಂದರು ಇವರು ನಗುತ್ತಾ.

"ನಿಮ್ಮ ಕೈಯಾಗೂ ಇಲ್ಲಲ್ಲ. ಹಂಗಾರ ನನ್ನ ಕೈಯಾಗ ಇರ್ಲಿ ಬಿಡ್ರಿ."

ಕೂಸನ್ನು ಎದೆಗೊತ್ತಿಕೊಂಡು ನಾನೂ ಹೇಳಿದೆ, "ಕರೀರಿ. ನಾ ತವರಿಗೆ ಹೋಗದ ಇಲ್ಲೇ ಹಡಿಬೇಕಾಗಿತ್ತು ಅಂದಿದ್ರ ನೀವು ಏನು ಮಾಡತಿದ್ರಿ?" ಅವರು ಟೊಪ್ಪಿಗೆ ಹಾಕಿಕೊಂಡು ಹೊರಟರು.

ಮರುದಿನ ಗದಿಗೆವ್ವ ಶಿಬಿರಕ್ಕೆ ಹೋದಳು. ರೊಟ್ಟಿ ಬಡಿಯಲು ಹೆಂಗಸರು ಬೇಕು, ಹಾಡಿಗೆ ದನಿಗೂಡಿಸುವವರು ಬೇಕು. ಕಾಳು ಆರಿಸಿಕೊಡುವ ನೆವದಲ್ಲಿ ನಾನೂ ಕೂಸನ್ನೆತ್ತಿಕೊಂಡು ಜೊತೆಗೆ ಹೋಗಿದ್ದೆ. ಅಲ್ಲಿ ಫಕ್ಕೀರವ್ವ ಎಂಬಾಕೆ, ನನಗಿಂತ ತುಸು ಹಿರಿಯಳು, ಕೇಳಿದಳು:

"ನಮ್ಮ ಮನಿ ಸುಟ್ಟವರಿಗೆ ನಾ ರೊಟ್ಟಿ ಬಡೀಲೇನ?"

ಗದಿಗೆವ್ವ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಸುಟ್ಟವರು ಚೆಂಡು ಹಿಡಕೊಂಡು ಬರೂದಿಲ್ಲವ್ವಾ. ಬರಾಕ ಹತ್ತಿದವು ಒಕ್ಕಲಿಗರ ಹುಡುಗರು. ನಿನ್ನಂಗ ಅವರೂ ಅಲ್ಲೇ ಹುಟ್ಟ್ಯಾರ, ನಿನ್ನಂಗ ಓಡಿ ಬರಾಕ ಆಗಿಲ್ಲ, ಅಷ್ಟ."

ಫಕ್ಕೀರವ್ವ ಎದ್ದು ಒಳಗೆ ಹೋದಳು. ಆಟದ ದಿನ ನಸುಕಿಗೆ ಕೆಲವರು ಬಂದರು, ಕೆಲವರು ಬರಲಿಲ್ಲ. ಫಕ್ಕೀರವ್ವ ಬಂದು ಒಲೆಯ ಮುಂದೆ ಕೂತು ಸಜ್ಜೆ ರೊಟ್ಟಿ ಬಡಿದಳು. ಹೂರಣ ರುಬ್ಬುವುದು ನನ್ನ ಪಾಲಿಗೆ ಬಂತು.

ಬಂಡಿಗಳು ಬಂದಾಗ ಗದಿಗೆವ್ವ ಓಡಿದಳು. ಒಂದರಲ್ಲಿ ಹುಡುಗರು, ಇನ್ನೊಂದರಲ್ಲಿ ಉಳವಪ್ಪ ಮತ್ತು ಅವನ ತಂದೆ ವಿರೂಪಾಕ್ಷಪ್ಪ, ಬಿಳಿ ರುಮಾಲಿನ ಗಂಭೀರ ಮನುಷ್ಯ. ಹುಲ್ಲು ಹಾಸಿದ ಬಂಡಿಯಲ್ಲಿ ಕಸ್ತೂರಿ ಇರಲಿಲ್ಲ.

"ಸಿಟ್ಟಾಗಬ್ಯಾಡ್ರಿ" ಎಂದ ವಿರೂಪಾಕ್ಷಪ್ಪ. "ತುಂಬಿದ ಬಸರಿ. ಹಾದಿ ಹೆಂಗೈತಿ, ನಿಮ್ಮ ಊರ ಮಂದಿ ಮನಸ್ಸು ಹೆಂಗೈತಿ, ನೋಡೂಣು ಅಂತ ನಾನ ಬಂದೆ. ನಮ್ಮ ಹುಡುಗರು ಮೈಮ್ಯಾಲೆ ಗಾಯಿಲ್ದ ಮನಿ ಮುಟ್ಟಿದ್ರ, ಹುಡುಗಿನ್ನ ಕಳಸ್ತೀನಿ. ಒಂದು ಕಲ್ಲು ಬಿದ್ರೂ ಇಲ್ಲ."

ಗದಿಗೆವ್ವನ ಮುಖ ಒಂದು ಗಳಿಗೆ ಇಳಿಯಿತು. "ಆತ್ರಿ" ಎಂದಳು, ಅಷ್ಟೇ. ಆಮೇಲೆ ನನ್ನತ್ತ ತಿರುಗಿ, "ಬಾಯಾರ, ಹೋಳಿಗಿ ನೀವ ನೋಡ್ಕೋರಿ. ನಾ ಬೈಲಿಗೆ ಹೋಗ್ತೀನಿ."

ಹೆಂಗಸರು ಆಟ ನೋಡಲು ಹೋಗುವ ಪದ್ಧತಿ ಇರಲಿಲ್ಲ. ಆಕೆ ಹೋದಳು, ಹಿಂದೆ ರೊಟ್ಟಿಯ ಹೆಂಗಸರೂ ಹೋದರು. ನಾನು ಹೋಳಿಗೆ ಮುಚ್ಚಿಟ್ಟು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬೈಲಿನ ಬದಿಯ ಬಂಡಿಯ ಮೇಲೆ ಕೂತೆ.

ಕರಿ ನೆಲ ಒಣಗಿ ಬಿರುಕು ಬಿಟ್ಟಿತ್ತು, ಚೆಂಡು ಎತ್ತೆತ್ತಲೋ ಪುಟಿಯುತ್ತಿತ್ತು. ನಮ್ಮ ಕಡೆಯ ಮುಂದಾಳು ಮಕ್ತುಮಸಾಬ. ಅವನು ಬೈಲಿಗೆ ಇಳಿಯುವಾಗ ಯಾವನೋ ಕೂಗಿದ, "ಏ ಮಕ್ತೂಮ, ಇವತ್ತ ಯಾ ಕಡೆ ಒದಿತೀಯಲೇ?"

"ಗೋಲಿನ ಹಿಂದ ಹೋಗಿ ನಿಂದರು, ಗೊತ್ತಾಗತೈತಿ. ಮೂಗು ಅಷ್ಟ ಜ್ವಾಕಿ!" ಎಂದ ಮಕ್ತುಮಸಾಬ. ಮಂದಿ ನಕ್ಕರು. ಅರ್ಧ ಆಟದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

ಕೆಟ್ಟದ್ದು ಮಾತಿನಿಂದ. ಅಳವಂಡಿಯ ಹುಡುಗರು ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುವವರು. ಶಾಲೆ ಮಾತ್ರ ಉರ್ದು. ಆಟ ಕಲಿತದ್ದು ಶಾಲೆಯಲ್ಲಿ. ಹಾಗಾಗಿ ಚೆಂಡು ಕಾಲಿಗೆ ಬಂತೆಂದರೆ ಬಾಯಿಗೆ ಉರ್ದು ಬರುತ್ತಿತ್ತು. ಮಕ್ತುಮಸಾಬ ಗೋಲಿನತ್ತ ನುಗ್ಗಿದಾಗ ಉಳವಪ್ಪ ತನ್ನವರಿಗೆ, "ಮಾರೋ! ಮಾರೋ ಉಧರ್!" ಎಂದು ಕೂಗಿದ. ಚೆಂಡನ್ನು ಆಚೆ ಹೊಡೆಯಿರಿ ಎಂದು ಅವನ ಅರ್ಥ. ಅದೇ ಹೊತ್ತಿಗೆ ಯಾರದೋ ಕಾಲಿಗೆ ತೊಡರಿ ಮಕ್ತುಮಸಾಬ ಬಿದ್ದ, ಮೊಣಕಾಲು ಕೆತ್ತಿ ರಕ್ತ ಬಂತು.

ಮಾರೋ ಎಂಬುದನ್ನು ಶಿಬಿರದವರು ಬೇರೆ ಹೊತ್ತಿನಲ್ಲಿ ಕೇಳಿದವರು.

"ಹೊಡೀರಿ ಅನ್ನಾಕ ಹತ್ಯಾನ! ರಜಾಕಾರ!" ಎಂದು ಒಬ್ಬ ಎದ್ದ. ನಾಲ್ಕೂ ಕಡೆಯಿಂದ ಮಂದಿ ಎದ್ದರು. ಮಣ್ಣಿನ ಹೆಂಟೆಗಳು ಕೈಗೆ ಬಂದವು. ಆಟ ನಡೆಸುತ್ತಿದ್ದ ನನ್ನ ಯಜಮಾನರು ಬಾಯಿ ನೋಯುವಂತೆ ಸೀಟಿ ಊದಿದರು, ಯಾರೂ ಕೇಳಲಿಲ್ಲ. ವಿರೂಪಾಕ್ಷಪ್ಪ ಕೋಲು ಹಿಡಿದು ಮಗನತ್ತ ನಡೆದ. ನಾನು ಕೂಸಿನ ತಲೆಯನ್ನು ಎದೆಗೆ ಒತ್ತಿಕೊಂಡೆ.

ಆಗ ಗದಿಗೆವ್ವ ಬೈಲಿನೊಳಗೆ ನಡೆದಳು. ಅಳಿಯನ ಎದುರಿಗೆ ಎಂದೂ ದನಿಯೆತ್ತಿ ಮಾತಾಡದ ಹೆಂಗಸು, ಅವನ ಗೋಲುಗಂಬದ ಮುಂದೆ ಮಂದಿಗೆ ಎದುರಾಗಿ ನಿಂತು, ಸೊಂಟಕ್ಕೆ ಸೆರಗು ಸಿಗಿಸಿ, ಮದುವೆ ಹಂದರದ ದನಿ ತೆಗೆದಳು:

"ಬಂದಾರ ಬಂದಾರ ಬಂಡಿಯ ಬೀಗರು
ಧೋತರ ಮರೆತು ಚಡ್ಯಾಗ ಬಂದಾರ
ಕೈಯಿದ್ದು ಮುಟ್ಟಾಕ ಬಾರದ ಬೀಗರು
ಉಣ್ಣಾಕ ಕುಂತ್ರ ಹೆಂಗ ತುತ್ತ ಎತ್ತ್ಯಾರ?"

ಕಡೆಯ ಸಾಲನ್ನು ಹೆಂಗಸರು ಎತ್ತಿಕೊಳ್ಳಬೇಕು. ಯಾರೂ ಎತ್ತಿಕೊಳ್ಳಲಿಲ್ಲ. ಗದಿಗೆವ್ವ ಒಬ್ಬಳೇ ನಿಂತಿದ್ದಳು. ಆಮೇಲೆ ಹೆಂಗಸರ ಗುಂಪಿನಿಂದ ಒಂದು ಒಡಕು ದನಿ ಬಂತು: "ಹೆಂಗ ತುತ್ತ ಎತ್ತ್ಯಾರ?" ಅದು ಫಕ್ಕೀರವ್ವ. ಆಕೆ ನೆಲ ನೋಡುತ್ತ ಹಾಡಿದಳು. ಎರಡನೆಯ ಸಲ ಎಲ್ಲರೂ ಸೇರಿದರು.

"ಏನ್ರಿ ದೊಡ್ಡ ಬೀಗರ!" ಎಂದು ಗದಿಗೆವ್ವ ವಿರೂಪಾಕ್ಷಪ್ಪನತ್ತ ತಿರುಗಿದಳು. "ಬಾಯಾಗ ಏನಿಟಕೊಂಡೀರಿ? ಹಾಡು ಕೇಳಿಸಿಲ್ಲೇನ?"

 ಎತ್ತಿದ ಕೈ ಎತ್ತಿದಂತೆಯೇ ಇತ್ತು, ಆದರೆ ಎಲ್ಲರ ಕಣ್ಣೂ ವಿರೂಪಾಕ್ಷಪ್ಪನ ಮೇಲೆ. ಅವನು ಕೋಲನ್ನು ನೆಲಕ್ಕೂರಿದ. ಮಗನನ್ನು ನೋಡಿದ, ಹೆಂಟೆಗಳನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಕೇಳಿಸ್ತು ಬೀಗತಿ. ನಮ್ಮ ಪೈಕಿ ಕೈ ಬಳಸಾಕ ಒಬ್ಬನಿಗೆ ಅಷ್ಟ ಪರವಾನಗಿ ಐತಿ. ಅವ ನಿನ್ನ ಅಳಿಯ. ಎಲ್ಲಾರ ಪಾಲಿನ ತುತ್ತೂ ಅವನ ಎತ್ತತಾನ. ಹೋಳಿಗಿ ಕಮ್ಮಿ ಬಿದ್ರ ಮುಂಡರಗಿ ಹೆಸರು ಕೆಡತೈತಿ, ನೋಡಿಕೋ!"

ಮೊದಲು ನಕ್ಕವನು ನೆಲಕ್ಕೆ ಬಿದ್ದಿದ್ದ ಮಕ್ತುಮಸಾಬ. ಆಮೇಲೆ ಬೈಲೆಲ್ಲ ನಕ್ಕಿತು. ಹೆಂಟೆಗಳು ಒಂದೊಂದಾಗಿ ಕೆಳಗೆ ಬಿದ್ದವು. ನಾಲ್ಕಾರು ಜನ ಮಾತ್ರ ನಗದೆ ಎದ್ದು ಮನೆಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಟ ಮತ್ತೆ ಶುರುವಾಯಿತು. ಉಳವಪ್ಪ ಕೂಗಬೇಕಾದಾಗಲೆಲ್ಲ ನಾಲಗೆ ಕಚ್ಚಿಕೊಂಡು, "ಹೊಡಿ... ಅಲ್ಲ, ಒದಿ! ಚೆಂಡು ಒದಿ!" ಎನ್ನುತ್ತಿದ್ದ, ಮಂದಿ ಅದನ್ನೇ ಹಿಡಿದು ಹಂಗಿಸುತ್ತಿದ್ದರು. ನಾವು ಒಂದು ಗೋಲಿನಿಂದ ಸೋತೆವು.

ಉಂಡೆದ್ದ ಮೇಲೆ ವಿರೂಪಾಕ್ಷಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆಡಿದ ಮಾತಿಗೆ ತಪ್ಪೂದಿಲ್ಲ. ಎಳ್ಳಮಾಸಿ ಆಗ್ಲಿ, ಒಳ್ಳೆ ದಿನ ನೋಡಿ ಕಳಸ್ತೀನಿ" ಎಂದ.

ಗದಿಗೆವ್ವ ಮನೆಗೆ ಹೋಗಿ ಬಂದಳು. ಕಂಕುಳಲ್ಲಿ ಒಂದು ಗಂಟಿತ್ತು. ನೇರ ಹೋಗಿ ಅವರ ಬಂಡಿ ಹತ್ತಿ ಹುಲ್ಲಿನ ಮೇಲೆ ಕೂತಳು.

"ಇದೇನ್ ಬೀಗತಿ?"

"ಒಳ್ಳೆ ದಿನ ಇವತ್ತ ಐತಿ. ನಾಳೆ ನಾಕಾ ಮುಚ್ಚಿದ್ರ ನೀವು ಬಂದು ತಗೀತೀರೇನ?"

"ಹುಡುಗರ ಜೋಡಿ ಬಂಡ್ಯಾಗ ಹೆಣ್ಣಮಗಳು..."

"ಕೈ ಮುಟ್ಟಾಕ ಬಾರದವರು ಅಲ್ಲೇನ ಅವರು? ಎತ್ತು ಹೂಡ್ರಿ."

ವಿರೂಪಾಕ್ಷಪ್ಪ ನನ್ನ ಯಜಮಾನರ ಮುಖ ನೋಡಿದ, ಇವರು ಆಕಾಶ ನೋಡಿದರು. ಎತ್ತು ಹೂಡಿದರು. ಮೊಣಕಾಲಿಗೆ ಅರಿವೆ ಕಟ್ಟಿಕೊಂಡ ಮಕ್ತುಮಸಾಬ ತನ್ನ ಬಂಡಿಯನ್ನೂ ಹೂಡಿಕೊಂಡು ಹಿಂದೆ ಹೋದ, ತಿರುಗಿ ಕರೆತರಲು ಬೇಕಲ್ಲ ಎಂದು.

ನಾನು ಸುಮ್ಮನೆ ಕೂರಲಿಲ್ಲ. ಗದಿಗೆವ್ವನ ನಡುಮನೆಯನ್ನು ಸಾರಿಸಿ, ನನ್ನ ಬಾಣಂತಿ ಹೊರಸನ್ನು ಅಲ್ಲಿ ಹಾಕಿಸಿ, ಒಲೆಗೆ ಕುಳ್ಳು ಒಟ್ಟಿಸಿ, ಹಳೆ ಧೋತರಗಳನ್ನು ಬಿಸಿನೀರಲ್ಲಿ ಒಗೆದು ಮಡಿಸಿಟ್ಟೆ. ಇವರು ಬಾಗಿಲಲ್ಲಿ ನಿಂತು, "ಬರದ ಇದ್ರ?" ಎಂದರು. "ಬರ್ತಾಳ. ಸರೀರಿ, ನೆಲ ಹಸಿ ಅದ" ಎಂದೆ.

ಬಂದರು. ತಾಯಿ ಮಗಳು ಮರಳಿ ಬರುವಾಗ ಆ ಕಡೆಯ ನಾಕಾದಲ್ಲಿ ಕಾವಲಿನವನು ಬಂಡಿ ತಡೆದನಂತೆ. ಮಕ್ತುಮಸಾಬ ಇದನ್ನು ಈಗಲೂ ಕಟ್ಟೆಯ ಮೇಲೆ ಕೂತು ಹೇಳುತ್ತಾನೆ. ಫುಟ್‌ಬಾಲ್ ಆಡುವವರಿಗೆ ಮಾತ್ರ ಅಪ್ಪಣೆ, ಹೆಂಗಸರಿಗೆ ಇಲ್ಲ ಎಂದನಂತೆ ಅವನು. ಗದಿಗೆವ್ವ ಮಗಳ ಹೊಟ್ಟೆಯ ಮೇಲಿನ ಸೆರಗು ಸರಿಪಡಿಸಿ,

"ಆಡಾಂವ ಒಳಗ ಅದಾನಪ್ಪಾ. ಮುಂಜಾನಿಂದ ಒದಿಯಾಕ ಹತ್ಯಾನ. ಇನ್ನ ತಡದ್ರ ಇಲ್ಲೇ ನಿನ್ನ ನಾಕಾದಾಗ ಹೊರಗ ಬರ್ತಾನ, ಬಿಸಿನೀರು ಕಾಯಿಸ್ತೀಯೇನ?" ಎಂದಳಂತೆ.

ಕಾವಲಿನವನು ಗಾಬರಿಯಾಗಿ ಅಡ್ಡಗಂಬ ಎತ್ತಿದ.

ಒಳಗಿದ್ದದ್ದು ಹೆಣ್ಣು. ಮಾಘದಲ್ಲಿ ಹುಟ್ಟಿತು, ನನ್ನ ಹೊರಸಿನ ಮೇಲೆ. ಆಮೇಲೆ ಗಡಿಯ ಹಳ್ಳಿಗಳಲ್ಲಿ ಮತ್ತೆ ಬೆಂಕಿ ಬಿತ್ತು, ನಾಕಾ ಮುಚ್ಚಿತು. ಈಗ ಆಷಾಢ. ಉಳವಪ್ಪ ಇನ್ನೂ ಮಗಳ ಮುಖ ನೋಡಿಲ್ಲ. ಇದಕ್ಕೆ ಬದಲಾಗಿ ನಾವು ಅಳವಂಡಿಗೆ ಹೋಗಿ ಆಡಬೇಕಾದ ಆಟವೂ ಹಾಗೆಯೇ ಉಳಿದಿದೆ. ಗದಿಗೆವ್ವ ದಿನಾ ಎರಡು ಕೂಸುಗಳಿಗೆ ಎರೆಯುತ್ತಾಳೆ, ಮೊದಲು ತನ್ನ ಮೊಮ್ಮಗಳಿಗೆ, ಆಮೇಲೆ ನನ್ನದಕ್ಕೆ. ನಿನ್ನೆ ಇವರನ್ನು ಬಾಗಿಲಲ್ಲೇ ತಡೆದು ಕೇಳಿದಳು:

"ಮಾಸ್ತರ, ಹುಡುಗರಿಗೆ ಸಂಜೀಕ ಆಡಸಾಕ ಹತ್ತೀರೋ ಇಲ್ಲೋ?"

"ಮಳಿ ಅದ, ಗದಿಗೆವ್ವಾ."

"ಮಳ್ಯಾಗ ಆಡಸ್ರಿ. ನಾಕಾ ತಗದ ದಿನ ತಯಾರಾಗಿರಬೇಕು. ಅಪ್ಪಗ ಮಗಳ್ನ ತೋರಸಾಕ ನಾ ನಿಮ್ಮ ಬಂಡ್ಯಾಗ ಬರಾಕಿ."

ಇವರು ಕೊಡೆ ಮಡಿಸಿಟ್ಟು, ಸೀಟಿ ಹುಡುಕಲು ಒಳಗೆ ಹೋದರು.