ಚಂದ್ರಲೋಕದವರು, ಕಬ್ಬಿಣದವರು

ಆಗ ನಾ ಒಂದು ಮಾಸಪತ್ರಿಕೆಗೆ ಊರೂರು ತಿರುಗಿ ಚಂದಾದಾರರನ್ನ ಹುಡುಕತಿದ್ದೆ. ಅದರಾಗ ಎರಡು ಧಾರಾವಾಹಿ ಬರತಿದ್ದುವು. ಒಂದು ಚಂದ್ರಲೋಕಕ್ಕ ಹೋದವರ ಕಥಿ, ಇನ್ನೊಂದು ಕಬ್ಬಿಣದ ಮನುಷ್ಯಾಂದು. ಮಾಳಮಡ್ಡಿಯ ಒಂದು ವಾಚನಾಲಯಕ್ಕ ಹೋಗಿ ನೋಡಿದ್ರ, ಯಾವ ಕಥಿ ಛಲೋ ಅನ್ನೋ ಓದುಗರ ಜಗಳ ತಾಳಲಾರದ ಅಲ್ಲಿಯ ಕಾರಕೂನ ಪತ್ರಿಕೆಯನ್ನ ಬಿಚ್ಚಿ, ಎರಡು ಭಾಗ ಮಾಡಿ ಹೊಲಿದು, ಓದೋರು ಕೂಡೋ ಎರಡು ಬಾಕಿನ ಮ್ಯಾಲೆ ಬ್ಯಾರೆ ಬ್ಯಾರೆ ಇಟ್ಟಿದ್ದ.

ಅಷ್ಟರಾಗ ಮೋಟಾರು ರಿಪೇರಿ ಮಾಡೋ ಹುಸೇನಸಾಬರು ಬಂದ್ರು. ಅವರ ಕೈಯಾಗಿನ ಎಣ್ಣಿ ಮಸಿ ನೋಡಿ ನಾ ಕಬ್ಬಿಣದ ಮನುಷ್ಯಾನ ಭಾಗ ಮುಂದ ಹಿಡಿದೆ.

“ದಿನಾ ಕಬ್ಬಿಣದ ಜೋಡಿ ಬಡದಾಡೂದು ಸಾಲದೇನ್ರಿ? ನಾವು ಚಂದ್ರಲೋಕದವರು!” ಅಂತ ಸಿಟ್ಟಾದ್ರು.

ಆಚೆ ಬಾಕಿನಿಂದ ಕನ್ನಡ ಕಲಿಸೋ ಮಾಸ್ತರೊಬ್ಬರು ಕೈ ಚಾಚಿದ್ರು. “ಅದು ನಮ್ದು, ಇಲ್ಲಿ ಕೊಡ್ರಿ. ಚಂದ್ರನ ಮ್ಯಾಲಿನ ಪದ್ಯ ಕಲಿಸಿ ಕಲಿಸಿ ಸಾಕಾಗೇದ.”

ನನಗ ತಲಿಬುಡ ತಿಳೀಲಿಲ್ಲ.

“ಅಂದಂಗ ನೀವು ಯಾವ ಕಡೆಯವರ್ರಿ?” ಅಂದ್ರು ಮಾಸ್ತರು.

“ಖರೇ ಹೇಳಬೇಕಂದ್ರ ನಾ ಎರಡೂ ಓದಿಲ್ಲರಿ.”

ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಇದೇ ಜಗಳದಾಗ ಮಾತು ಬಿಟ್ಟು ವರ್ಷಾಗಿತ್ತಂತ. ಅವತ್ತು ಒಂದೇ ಬಾಕಿನ ಮ್ಯಾಲೆ ಒತ್ತಿ ಕೂತ್ರು, ನನ್ನ ಬೈಯಾಕ.