ಅಂಗಿಯ ಬೆನ್ನಿನಿಂದ ಬಿಚ್ಚಿದ ಹೆಸರು

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಅಕ್ಷರ ಕಲಿತದ್ದು ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಒಂದು ಹೊಲಿಗೆ ಅಂಗಡಿಯಲ್ಲಿ, ಬಿಳಿ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಆಟಗಾರರ ಅಂಗಿಗೆ ಹೆಸರು ಹೊಲಿಯುತ್ತ. ತೊಂಬತ್ತರ ದಶಕದಲ್ಲಿ ಲಂಡನ್ನಿಗೂ ಒಂದು ಅಮೆರಿಕನ್ ಫುಟ್‌ಬಾಲ್ ತಂಡವಿತ್ತು. ಸಂಬಳಕ್ಕೆ ಆಡುವವರು, ಹೆಚ್ಚಿನವರು ಅಮೆರಿಕದಿಂದಲೇ ಬಂದವರು. ಒಬ್ಬ ಚೆಂಡು ಹಿಡಿದು ಓಡುತ್ತಾನೆ, ಉಳಿದವರು ಅವನನ್ನು ಕೆಡವಿ ಮೇಲೆ ಬೀಳುತ್ತಾರೆ. ಆ ಆಟದಲ್ಲಿ ನನಗೆ ಅರ್ಥವಾದದ್ದು ಇಷ್ಟೇ. ಹರಿದ ಅಂಗಿಗಳು ನಮ್ಮ ಅಂಗಡಿಗೆ ಬರುತ್ತಿದ್ದವು.

ಆ ವರ್ಷ ತಂಡ ಸೋಲಲು ಹಿಡಿಯಿತು. ನಡುವೆ ಒಮ್ಮೆ ಗೆದ್ದರು, ಆಮೇಲೆ ಮತ್ತೆ ಸೋಲೇ. ಸೋಲುವ ತಂಡದಲ್ಲಿ ವಾರ ವಾರವೂ ಯಾರನ್ನೋ ತೆಗೆದು ಇನ್ಯಾರನ್ನೋ ತರುತ್ತಾರೆ. ಅಂಗಿ ಅದೇ, ನಂಬರೂ ಅದೇ, ಬೆನ್ನಿನ ಮೇಲಿನ ಹೆಸರು ಮಾತ್ರ ಬೇರೆ. ಹಳೆಯ ಹೆಸರು ಬಿಚ್ಚುವುದು ನನ್ನ ಪಾಲಿನ ಕೆಲಸ. ಯಾರ ಹೆಸರು ಬಿಚ್ಚಬೇಕೆಂಬ ಪಟ್ಟಿ ಗುರುವಾರ ಬೆಳಿಗ್ಗೆ ನಮಗೆ ಬರುತ್ತಿತ್ತು, ಆಟಗಾರನಿಗೆ ಹೇಳುತ್ತಿದ್ದುದು ಶುಕ್ರವಾರ. ಒಬ್ಬನ ಕೆಲಸ ಹೋದದ್ದು ಅವನಿಗಿಂತ ಒಂದು ದಿನ ಮೊದಲೇ ನನಗೆ ಗೊತ್ತಿರುತ್ತಿತ್ತು. ಬಾಯಿ ಬಿಡಬಾರದೆಂದು ಅಂಗಡಿಯ ಯಜಮಾನ ಹೇಳಿದ್ದ. ಬಾಯಿ ಬಿಡುವಷ್ಟು ಇಂಗ್ಲಿಷೂ ನನ್ನಲ್ಲಿರಲಿಲ್ಲ.

ನನ್ನ ಗಂಡ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಗುರುವಾರ ಮನೆಗೆ ಬಂದವರೇ ಕೇಳುವರು:

"ಈ ವಾರ ಎಷ್ಟ್ ಜನರ ಹೆಸ್ರ್ ಬಿಚ್ಚಿದೆ?"

"ಮೂರ್."

"ಹಾಂಗಾರೆ ಈ ಸಲವೂ ಸೋಲೇ ಮಾರಾಯ್ತಿ."

"ನಿಮ್ಗೆಂತಕ್ಕೆ ಅಷ್ಟ್ ಖುಷಿ?"

"ಅವ್ರ್ ಸೋತ್ರೆ ಅಲ್ದಾ ನಿಂಗೆ ಕೆಲ್ಸ."

ನಾನು ಸೀರೆಗೆ ಅಂಟಿದ ನೂಲಿನ ಚೂರು ಕೊಡವುತ್ತಿದ್ದೆ.

ತಂಡದವರು ಯಾರೂ ಅಂಗಡಿಗೆ ಬರುತ್ತಿರಲಿಲ್ಲ, ಒಬ್ಬನನ್ನು ಬಿಟ್ಟು. ಅವನು ಬಾಗಿಲಲ್ಲಿ ನಿಂತರೆ ರಸ್ತೆ ಕಾಣುತ್ತಿರಲಿಲ್ಲ, ಅಂಥ ಆಳು. ಗೆದ್ದ ಆ ಒಂದು ಆಟದಲ್ಲಿ ಅವನ ಅಂಗಿಯ ಹೆಸರಿನ ಕೊನೆಯ ಅಕ್ಷರ ಹರಿದಿತ್ತು. ತಾನೇ ಹಿಡಿದುಕೊಂಡು ಬಂದ. ಬಿಳಿ ನೂಲು ಮುಗಿದಿತ್ತು, ಕೆನೆ ಬಣ್ಣದ ನೂಲಿನಲ್ಲಿ ರಫು ಮಾಡಿದೆ. ಹೊಸ ಅಕ್ಷರ ಹಾಕಬಹುದಿತ್ತು. ಬೇಡವೆಂದ.

"ಮ್ಯಾಮ್, ಇದು ಹೀಗೇ ಇರಲಿ. ಗೆದ್ದ ಗುರುತು. ನನ್ನ ಅಮ್ಮನಿಗೆ ತೋರಿಸಬೇಕು."

ಅವನ ತಾಯಿ ಅಮೆರಿಕದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳಂತೆ. ಮಗ ಸಂಬಳಕ್ಕೆ ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಶನಿವಾರ ನಡೆಯುವ ಆ ವರ್ಷದ ಕಡೆಯ ಆಟಕ್ಕೆಂದು ಮೊದಲ ಸಲ ವಿಮಾನ ಹತ್ತಿ ಬರುವವಳಿದ್ದಳು. ಅವಳಿಗೂ ಅದೇ ಹೆಸರಿನ ಒಂದು ಅಂಗಿ ಬೇಕೆಂದು ಆ ವಾರದ ಸೋಮವಾರ ಅಳತೆ ಕೊಟ್ಟು ಹೋದ. ಗುರುವಾರ ಸಂಜೆ ಅವಳನ್ನು ಕರೆದುಕೊಂಡೇ ಬರುತ್ತೇನೆಂದ.

ಗುರುವಾರ ಬೆಳಿಗ್ಗೆ ಬಂದ ಪಟ್ಟಿಯಲ್ಲಿ ಅವನ ಹೆಸರೇ ಮೊದಲು.

ಅವನ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. ಬಿಚ್ಚಿದೆ. ಅವನ ಜಾಗಕ್ಕೆ ಬಂದವನ ಹೆಸರು ಉದ್ದ. ಅದನ್ನು ಹೊಲಿಯುವಷ್ಟರಲ್ಲಿ ಬಿಳಿ ಬಟ್ಟೆ ಖಾಲಿಯಾಯಿತು. ಬಟ್ಟೆಯ ಹೊಸ ತಾನು ಬರುವುದು ಸೋಮವಾರ. ತಾಯಿಯ ಅಂಗಿಯ ಬೆನ್ನು ಇನ್ನೂ ಬೋಳಾಗಿತ್ತು. ಬಿಚ್ಚಿದ ಅಕ್ಷರಗಳು ನನ್ನ ಮೇಜಿನ ಮೇಲೇ ಬಿದ್ದಿದ್ದವು. ಗಟ್ಟಿ ಬಟ್ಟೆ, ಹೆಸರೂ ಅದೇ. ಇಸ್ತ್ರಿ ಹಾಕಿ ಅವನ್ನೇ ಹೊಲಿದೆ. ಬೇಕೆಂದೇ ಹಾಗೆ ಮಾಡಿದೆಯಾ ಎಂದು ನನ್ನ ಮಗಳು ಇವತ್ತಿಗೂ ಕೇಳುತ್ತಾಳೆ. ಇಲ್ಲ. ನಮ್ಮ ಮನೆಯಲ್ಲಿ ಅಪ್ಪನ ಪಂಚೆ ಹರಿದರೆ ದಿಂಬಿನ ಚೀಲ, ದಿಂಬಿನ ಚೀಲ ಹರಿದರೆ ಮಸಿಬಟ್ಟೆ. ಒಳ್ಳೆಯ ಬಟ್ಟೆ ಎಸೆಯಲು ನನಗೆ ಬರುವುದಿಲ್ಲ. ಕೆನೆ ಬಣ್ಣದ ರಫು ಕಣ್ಣಿಗೆ ಬಿದ್ದಿತ್ತು. ಬೆನ್ನಿನ ಮೇಲಿನದನ್ನು ಯಾರು ಅಷ್ಟು ಹತ್ತಿರದಿಂದ ನೋಡುತ್ತಾರೆ ಎಂದುಕೊಂಡೆ. ತಪ್ಪಾದದ್ದು ಅಲ್ಲಿ.

ಸಂಜೆ ಇಬ್ಬರೂ ಬಂದರು. ತಾಯಿಯ ಕಾಲು ವಿಮಾನದಲ್ಲಿ ಕೂತು ಬಾತಿತ್ತು. ಸ್ಟೂಲು ಕೊಟ್ಟೆ. ಅವಳು ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ಹೊಲಿಗೆಯವರು ನೋಡುವ ಹಾಗೆ ಮೊದಲು ಒಳಗನ್ನು ನೋಡಿದಳು. ಆಮೇಲೆ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಕೊನೆಯ ಅಕ್ಷರಕ್ಕೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಯಾರೋ ರಫು ಮಾಡಿದ್ದಾರೆ. ಒಳ್ಳೆಯ ಕೈ," ಎಂದಳು.

ಮಗ ಬಗ್ಗಿ ನೋಡಿದ. ನಂತರ ನನ್ನನ್ನು ನೋಡಿದ. ಗೋಡೆಯ ಮೇಲೆ ತಂಡದ ಅಂಗಿಗಳು ತೂಗುತ್ತಿದ್ದವು. ಅವನ ನಂಬರಿನ ಅಂಗಿ ಬೆನ್ನು ತಿರುಗಿಸಿಕೊಂಡು ಅವುಗಳ ನಡುವೆಯೇ ಇತ್ತು, ಬೇರೆ ಹೆಸರಿನಲ್ಲಿ. ಯಜಮಾನ ಕೆಮ್ಮಿ ಒಳಗೆ ಹೋದ.

"ಯಾವಾಗ?" ಎಂದು ಮಗ ಮೆಲ್ಲಗೆ ಕೇಳಿದ.

"ಬೆಳಿಗ್ಗೆ," ಎಂದೆ. ಸುಳ್ಳು ಹೇಳಿ ಏನಾಗಬೇಕಿತ್ತು?

ತಾಯಿಗೆ ಏನೂ ತಿಳಿದಿರಲಿಲ್ಲ. ಅಂಗಿಯನ್ನು ಕೋಟಿನ ಮೇಲೆಯೇ ಹಾಕಿಕೊಂಡಳು. "ಶನಿವಾರ ಅಷ್ಟು ದೊಡ್ಡ ಮೈದಾನದಲ್ಲಿ ಗುರುತಿಲ್ಲದವರ ನಡುವೆ ನಾನೊಬ್ಬಳೇ ಕೂರಬೇಕಲ್ಲ. ನನಗೆ ಅದೇ ಹೆದರಿಕೆ," ಎಂದಳು.

ಅವನು ಅವಳ ಬೆನ್ನ ಮೇಲಿನ ಸುಕ್ಕನ್ನು ಅಂಗೈಯಿಂದ ಎಳೆದು ಸರಿಮಾಡಿದ. "ಒಬ್ಬಳೇ ಅಲ್ಲಮ್ಮ. ನಾನು ಪಕ್ಕದಲ್ಲೇ ಇರ್ತೇನೆ," ಎಂದ.

ಅವಳು ನಕ್ಕಳು. ತಮಾಷೆ ಎಂದುಕೊಂಡಳು. ನಂತರ ಅವನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. ಇಬ್ಬರೂ ಹೊರಗೆ ಹೋದರು. ಗಾಜಿನಾಚೆ ಟ್ರಾಮ್ ಹಳಿ ಹಾಕಲು ಅಗೆದ ರಸ್ತೆ, ಅದರ ಅಂಚಿನಲ್ಲಿ ಅವಳು ಅವನ ತೋಳು ಹಿಡಿದು ನಡೆಯುವುದು ಕಂಡಿತು. ಹೆಸರು ಸೊಟ್ಟಗಿರಲಿಲ್ಲ. ಅದನ್ನೂ ನೋಡಿದೆ.

ಯಜಮಾನ ನನ್ನನ್ನು ಬೈದ. ಬೈಯಬೇಕಾದದ್ದೇ.

ಆ ಶನಿವಾರ ಅಂಗಡಿಗೆ ಎರಡು ಟಿಕೆಟ್ ಬಂದಿದ್ದವು. ನಾನು ಹೋಗಲಿಲ್ಲ. ನನ್ನ ಗಂಡ ಹೋಟೆಲಿನವನೊಬ್ಬನನ್ನು ಕರೆದುಕೊಂಡು ಹೋದರು. ವಾಪಸು ಬಂದವರು ಎಂದಿನಂತೆ ಚೇಷ್ಟೆ ಮಾಡಲಿಲ್ಲ. ಶೂ ಬಿಚ್ಚುತ್ತ ಹೇಳಿದರು:

"ನೀ ಹೊಲ್ದ ಅಂಗಿ ಕಂಡೆ. ನಮ್ಗಿಂತ ನಾಲ್ಕ್ ಸಾಲ್ ಮುಂದೆ. ಅಮ್ಮ ಮಗ ಇಬ್ರೂ ಕೂತಿದ್ರ್."

"ಅರ್ಧಕ್ಕೇ ಎದ್ದ್ ಹೋದ್ರಾ?"

"ಇಲ್ಲ. ಉಳ್ದವ್ರೆಲ್ಲ ಎದ್ದ್ ಹೋದ್ರ್. ಅವ್ರ್ ಕಡೆ ತನ್ಕ ಕೂತಿದ್ರ್."

ಊಟಕ್ಕೆ ತಟ್ಟೆ ಇಡುತ್ತ ಕೇಳಿದೆ, "ಸೋತ್ರಾ?"

"ಸೋತ್ರ್," ಎಂದರು.